ಬೆನ್ನ ಹಿಂದಿನ ಸದ್ದು

ಮುಚ್ಚಳದ ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ದೊಡ್ಡ ಪಾಠವೇನೂ ಇರುತ್ತಿರಲಿಲ್ಲ. ಮೇಸ್ತ್ರಿ ಅವರನ್ನು ಪ್ರೆಸ್ಸಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, "ಇದು ಅಚ್ಚು, ಇದು ಪೆಡಲು. ತಗಡು ಇಡು, ಕೈ ತೆಗಿ, ಆಮೇಲೆ ತುಳಿ. ಮುಚ್ಚಳ ಅಂಟಿಕೊಂಡ್ರೆ ಕೊಕ್ಕೆಯಿಂದ ಎತ್ತು, ಬೆರಳಿಂದ ಅಲ್ಲ" ಎಂದು ಹೇಳಿ ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದ. ಉಳಿದ ವಿದ್ಯೆಯನ್ನೆಲ್ಲ ಕಲಿಸುತ್ತಿದ್ದುದು ಅವನ ಕೈಯಲ್ಲಿದ್ದ ಕಬ್ಬಿಣದ ಸರಳು.

ಕೈ ಅಚ್ಚಿನ ಕೆಳಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತೋ, ಕೈ ಇನ್ನೂ ಒಳಗಿರುವಾಗಲೇ ಕಾಲು ಪೆಡಲಿನ ಮೇಲೆ ಹೋಯಿತೋ, ಹಿಂದಿನ ಕಂಬಕ್ಕೆ ಸರಳು ಬೀಳುತ್ತಿತ್ತು. ಢಣ್ ಎಂಬ ಆ ಸದ್ದು ಅಷ್ಟೂ ಪ್ರೆಸ್ಸುಗಳ ಗದ್ದಲವನ್ನು ಸೀಳಿಕೊಂಡು ಬಂದು ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ಕೂತವರು ಕೈಯನ್ನೂ ಕಾಲನ್ನೂ ಒಟ್ಟಿಗೇ ಎಳೆದುಕೊಂಡು, ಜೀವ ಬಾಯಿಗೆ ಬಂದವರಂತೆ ತಿರುಗಿ ನೋಡುತ್ತಿದ್ದರು. ಮೇಸ್ತ್ರಿ ಒಂದು ಮಾತೂ ಆಡುತ್ತಿರಲಿಲ್ಲ. ಬೈಗುಳವಿಲ್ಲ, ವಿವರಣೆಯಿಲ್ಲ. ತಾನು ಯಾಕೆ ಬಡಿದೆ ಎಂದು ಅವನು ಯಾರಿಗೂ ಬಿಡಿಸಿ ಹೇಳಿದವನಲ್ಲ. ಮೊದಲ ವಾರದಲ್ಲಿ ಅತ್ತವರು ಎಷ್ಟೋ ಜನ. ಮೂಟೆಗಳನ್ನು ಒಂದೇ ಕೈಯಲ್ಲಿ ಎತ್ತಿ ಬಿಸಾಡುತ್ತಿದ್ದ ಒಬ್ಬ ದಾಂಡಿಗ, ಊಟದ ಡಬ್ಬಿಯನ್ನೂ ಅಲ್ಲೇ ಬಿಟ್ಟು ಮನೆಗೆ ಹೋದವನು ತಿರುಗಿ ಬರಲೇ ಇಲ್ಲ. ಬಂದು ಉಳಿದವರು ಮಾತ್ರ ಕಲಿತರು, ಚೆನ್ನಾಗಿಯೇ ಕಲಿತರು.

ಜನ ಅವನಿಗೆ ಢಣ್ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಆ ಹೆಸರು ಹೇಳುವ ಎದೆ ಯಾರಿಗೂ ಇರಲಿಲ್ಲ. ಆದರೆ ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಅವನು ಮೇಸ್ತ್ರಿಯಾದ ಮೇಲೆ ಆ ಶೆಡ್ಡಿನಲ್ಲಿ ಒಬ್ಬರ ಬೆರಳೂ ಹೋಗಿರಲಿಲ್ಲ. ಇಂಥ ಶೆಡ್ಡುಗಳಿರುವ ಬೀದಿಯಲ್ಲಿ ಸಂಜೆ ನಿಂತು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಚಹಾದ ಲೋಟ ಹಿಡಿಯುವ ಕೈಗಳಲ್ಲಿ ಪೂರ್ತಿ ಇರುವ ಕೈ ಕಡಿಮೆ. ತನ್ನ ಜನ ಲೋಟ ಹಿಡಿಯುವುದನ್ನು ಮೇಸ್ತ್ರಿ ದೂರದಿಂದ ನೋಡುತ್ತಿದ್ದ, ಹೆಮ್ಮೆಪಡುತ್ತಿದ್ದ. ಹೆಮ್ಮೆಪಡಬಾರದೇನು? ಪಡಬೇಕಾದ್ದೇ.

ಅವನ ಎಡಗೈಯಲ್ಲೇ ಎರಡು ಬೆರಳಿರಲಿಲ್ಲ. ಹೋದದ್ದು ಮೀಸೆ ಸರಿಯಾಗಿ ಮೂಡುವ ಮೊದಲು, ಇಂಥದೇ ಇನ್ನೊಂದು ಶೆಡ್ಡಿನಲ್ಲಿ. ಅಲ್ಲಿದ್ದ ಹಿರಿಯ ಮೇಸ್ತ್ರಿ ದೇವರಂಥ ಮನುಷ್ಯ, ಬಾಯಿ ಬಿಟ್ಟರೆ ಬುದ್ಧಿವಾದ. "ಹುಷಾರಪ್ಪ, ಹುಷಾರು" ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಿದ್ದ. ಅದು ಫ್ಯಾನಿನ ಗಾಳಿಯ ಹಾಗೆ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಆ ದಿನ ಪ್ರೆಸ್ಸಿನ ಬೆಲ್ಟು ಕೀಚ್ ಎಂದು ಕಿರುಚಿತು, ಮರುಗಳಿಗೆಯಲ್ಲಿ ಅಚ್ಚು ಬಿತ್ತು. ಬೆಲ್ಟಿಗೂ ಬೆರಳಿಗೂ ಯಾವ ಸಂಬಂಧವೂ ಇರಲಿಲ್ಲ. ಬೆಲ್ಟು ದಿನಕ್ಕೆ ಹತ್ತಾರು ಸಲ ಕಿರುಚುತ್ತಿತ್ತು, ತಪ್ಪು ಅವನ ಕಾಲಿನದು. ಇದು ಅವನ ತಲೆಗೆ ಅರ್ಥವಾಗಿತ್ತು. ಮೈ ಮಾತ್ರ ಒಪ್ಪಲಿಲ್ಲ. ಇವತ್ತಿಗೂ ಸೈಕಲ್ಲಿನ ಬ್ರೇಕು ಕೀಚೆಂದರೆ, ಯಾರಾದರೂ ಕುರ್ಚಿ ಎಳೆದರೆ, ಅವನ ಹೊಟ್ಟೆಯೊಳಗೆ ಕಲಸಿದಂತಾಗಿ ಅಂಗೈ ಬೆವರುತ್ತದೆ. ಆ ದಿನ ತನ್ನನ್ನು ಹೊತ್ತುಕೊಂಡು ಹೋದವರು ಯಾರೆಂದು ಕೇಳಿದರೆ ಹೇಳಲಾರ. ಆ ಬೆಲ್ಟಿನ ಹೊಲಿಗೆಯ ಒಂದೊಂದು ದಾರವೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಅವನ ಶೆಡ್ಡಿನಲ್ಲಿ ಬೆಲ್ಟುಗಳು ಕಿರುಚುವ ಹಾಗಿಲ್ಲ. ಅವುಗಳ ಆರೈಕೆಯನ್ನು ಅವನು ಬೇರೆ ಯಾರ ಕೈಗೂ ಕೊಟ್ಟವನಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ವರ್ಷಗಟ್ಟಲೆ ಬುದ್ಧಿವಾದ ಕಲಿಸದೆ ಇದ್ದದ್ದನ್ನು ಒಂದೇ ಪೆಟ್ಟು ಕಲಿಸಿತು. ಆಮೇಲೆ ಅವನ ಕೈ ಅಚ್ಚಿನ ಹತ್ತಿರಕ್ಕೆ ಒಮ್ಮೆಯೂ ಅಜಾಗರೂಕವಾಗಿ ಹೋಗಿಲ್ಲ. ಹಾಗಾದರೆ ಕಲಿಸುವುದು ಭಯ. ಪೆಟ್ಟು ಬೀಳದೆ ಭಯವನ್ನು ಮಾತ್ರ ಜನರ ಮೈಗೆ ಇಳಿಸುವುದು ಹೇಗೆ? ಮೇಸ್ತ್ರಿಯಾದ ದಿನವೇ ಅವನು ಸರಳು ಹುಡುಕಿಕೊಂಡ.

ಮನೆಯಲ್ಲಿ ಇದ್ದವರು ಅವನು, ಅವನ ಅಕ್ಕ, ಅಕ್ಕನ ಮಗಳು. ಭಾವ ಹೋದ ಮೇಲೆ ಅಕ್ಕ ಎಳೆಯ ಮಗುವನ್ನು ಎತ್ತಿಕೊಂಡು ಬಂದು ತಮ್ಮನ ಮನೆಯಲ್ಲಿ ನಿಂತಳು. ಎರಡು ಕೋಣೆ, ಒಂದು ಕಿರಿದಾದ ಅಡಿಗೆಮನೆ, ಬೀದಿಗೆ ಒಂದು ಕಿಟಕಿ. ಅವನು ಮದುವೆಯ ಯೋಚನೆಯನ್ನು ಇವತ್ತು ನಾಳೆ ಎಂದು ಮುಂದೂಡುತ್ತಾ ಹೋಗಿ ಕೊನೆಗೆ ಮರೆತೇಬಿಟ್ಟ. ಹುಡುಗಿಗೆ ಎಲ್ಲರೂ ಚೂಟಿ ಎನ್ನುತ್ತಿದ್ದರು, ಅವಳ ಕೈ ಹಾಗಿತ್ತು. ಬೀದಿಯ ಹೆಂಗಸರು ಜಡೆ ಹಾಕಿಸಿಕೊಳ್ಳಲು ಅವರ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳು ಮಾತ್ರ ತಮ್ಮ ಪಾಡಿಗೆ ತಾವು ಐದೆಳೆಯ ಜಡೆ ಹೆಣೆಯುತ್ತಿದ್ದವು. ಒಂದೆರಡು ವರ್ಷ ದುಡಿದು, ಕನ್ನಡಿ ಕುರ್ಚಿ ಹಾಕಿ, ಬೀದಿಯ ತುದಿಯಲ್ಲಿ ತನ್ನದೇ ಒಂದು ಅಂಗಡಿ ಇಡಬೇಕೆಂದು ಅವಳ ಆಸೆ. ಅದಕ್ಕೇ ಪ್ರೆಸ್ಸಿಗೆ ಬರುತ್ತೇನೆಂದಳು.

ಅಕ್ಕ ಒಪ್ಪಲಿಲ್ಲ. ತಮ್ಮನ ಎಡಗೈಗೆ ಎಷ್ಟೋ ತಿಂಗಳು ಔಷಧಿ ಹಚ್ಚಿದವಳು ಅವಳೇ.

"ಅವಳಿಗಿರೋ ಆಸ್ತಿ ಅಂದ್ರೆ ಆ ಕೈಗಳು ಕಣೋ" ಎಂದಳು. "ಅದನ್ನ ತಗೊಂಡು ಹೋಗಿ ಅಲ್ಲಿ ಇಡ್ತೀಯಾ?"

"ನನ್ನ ಶೆಡ್ಡಲ್ಲಿ ಯಾರದು ಹೋಗಿದೆ ಹೇಳಕ್ಕ."

"ಯಾರದ್ದೂ ಹೋಗಿಲ್ಲ. ಅದಕ್ಕೇ ಭಯ, ಮೊದಲನೇದು ಇವಳದಾದ್ರೆ?"

ಅವನು ನಕ್ಕುಬಿಟ್ಟ. "ನಾನು ಅವಳ ಹಿಂದೇನೇ ನಿಂತಿರ್ತೀನಿ, ಸಾಕಾ?" ಅಕ್ಕ ಕೊನೆಗೆ, "ನೀನು ಹಿಂದೆ ನಿಂತಿರ್ತೀಯ ಅಂದ್ರೆ ಕಳಿಸ್ತೀನಿ" ಎಂದಳು. ಆಮೇಲೆ ದಿನಾ ಸಂಜೆ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅವಳ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಚೂಟಿ, "ಇದೆಯಮ್ಮ, ಎಲ್ಲಾ ಇದೆ" ಎಂದು ಗೇಲಿ ಮಾಡುತ್ತಿದ್ದಳು.

ಮೇಸ್ತ್ರಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಬೇರೆಯವರಿಗೆ ವಾರಗಟ್ಟಲೆ ಕೊಡುವ ಭಯವನ್ನು ಅವಳಿಗೆ ತಿಂಗಳುಗಟ್ಟಲೆ ಕೊಟ್ಟ. ಬೇರೆಯವರ ಕೈ ಒಂದು ಗಳಿಗೆ ತಡೆದರೆ ಬಡಿಯುತ್ತಿದ್ದವನು, ಅವಳ ಕೈ ತಡೆಯುವ ಸೂಚನೆ ಕಂಡರೇ ಬಡಿಯುತ್ತಿದ್ದ. ಮೊದಲ ದಿನಗಳಲ್ಲಿ ಅವಳು ಮನೆಯಲ್ಲೂ, ಅಡಿಗೆಮನೆಯಲ್ಲಿ ಸೌಟು ಬಿದ್ದರೆ ಕುಕ್ಕರಿಸಿ ಕೂತುಬಿಡುತ್ತಿದ್ದಳು. ಮಾವ ಬೀದಿಯ ತಿರುವಿನಲ್ಲಿ ಬರುತ್ತಿದ್ದಾನೆ ಎಂದು ಅವನ ಚಪ್ಪಲಿಯ ಸಪ್ಪಳದಿಂದಲೇ ಗೊತ್ತಾಗಿ, ಹಾಡುತ್ತಿದ್ದ ಹಾಡನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೇ ಬೆಳೆದ ಹುಡುಗಿ ಅದು. ಮೇಸ್ತ್ರಿಗೆ ಅದು ಚುಚ್ಚದೆ ಇರಲಿಲ್ಲ. ಆದರೆ ಹೊಟ್ಟೆಗೆ ಹಾಕಿಕೊಂಡ. ಭಯ ಮೈಗೆ ಹತ್ತಿದೆ, ಇನ್ನು ಇವಳ ಕೈಗೆ ಏನೂ ಆಗಲ್ಲ ಎಂದುಕೊಂಡ. ಪ್ರೀತಿ ಆಮೇಲೆ ಹೇಗೂ ತಿರುಗಿ ಬರುತ್ತದೆ, ಬೆರಳು ಬರುವುದಿಲ್ಲ.

ಹಾಗೆಯೇ ಒಂದು ವರ್ಷ ಕಳೆಯಿತು. ಆಗ ಯಜಮಾನರು ಒಬ್ಬ ಇಂಜಿನಿಯರ್ ಹೆಂಗಸನ್ನು ಕರೆತಂದರು. ಮೂವತ್ತರ ಆಸುಪಾಸಿನ ಮೇಡಂ, ಮಾತು ಕಡಿಮೆ, ಕೈಗೆ ಎಣ್ಣೆ ಮೆತ್ತಿಕೊಳ್ಳಲು ಹಿಂಜರಿಯುತ್ತಿರಲಿಲ್ಲ. ಪ್ರೆಸ್ಸುಗಳಿಗೆಲ್ಲ ಪೆಡಲು ಕಿತ್ತು ಹಾಕಿ ಎರಡು ಗುಂಡಿ ಕೂರಿಸುವುದು ಅವರ ಕೆಲಸ. ಒಂದು ಗುಂಡಿ ಬಲಕ್ಕೆ, ಒಂದು ಎಡಕ್ಕೆ. ಎರಡು ಅಂಗೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ, ಅಂದ ಮೇಲೆ ಕೈ ಒಳಗೆ ಇರುವ ಮಾತೇ ಇಲ್ಲ. ಮೇಸ್ತ್ರಿಗೆ ಆ ಉಪಾಯ ಹಿಡಿಸಿತು. ಒಳ್ಳೆಯದನ್ನು ಒಳ್ಳೆಯದು ಎನ್ನದೆ ಇರುವಷ್ಟು ಮೊಂಡನಲ್ಲ ಅವನು.

"ಒಂದೊಂದಾಗಿ ಹಾಕ್ಕೊಂಡು ಬರಬೇಕು, ಸಾಮಾನು ಬಂದ ಹಾಗೆ" ಎಂದರು ಮೇಡಂ. "ಯಾವುದರಿಂದ ಶುರು ಮಾಡೋಣ ಮೇಸ್ತ್ರಿ? ಇಲ್ಲಿನ ಜನ ನಿಮಗೆ ಗೊತ್ತು."

ಮೇಸ್ತ್ರಿ ಸಾಲನ್ನು ಒಮ್ಮೆ ನೋಡಿದ. ಹೊಸಬರದು ಮೊದಲು. ಆಮೇಲೆ ಹರಟೆಮಲ್ಲರದು. ಆಮೇಲೆ ಉಳಿದವರದು.

"ಆ ಕೊನೇದು, ಕಿಟಕಿ ಹತ್ತಿರದ್ದು, ಎಲ್ಲಾ ಮುಗಿದ ಮೇಲೆ ಮಾಡಿ" ಎಂದ.

"ಅಲ್ಲಿ ಕೂರೋದು ನಿಮ್ಮ ಅಕ್ಕನ ಮಗಳಲ್ವಾ?"

"ಅದಕ್ಕೇ. ತನ್ನವರಿಗೇ ಮೊದಲು ಮಾಡ್ಕೊಂಡ ಅನ್ನೋ ಮಾತು ಬೇಡ. ಅಲ್ಲದೆ ಅವಳಿಗೆ ಗುಂಡಿ ಯಾಕೆ? ಇಲ್ಲಿ ಎಲ್ಲರಿಗಿಂತ ಹೆಚ್ಚು ಭಯ ಇರೋದು ಅವಳಿಗೇ."

ಮೇಡಂ ಅದನ್ನು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡರು. ಈ ಮಾತುಕತೆಯನ್ನು ಮೇಸ್ತ್ರಿ ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದೇ ಅವನಿಗೆ ಅನ್ನಿಸಿತ್ತು.

ಸಾಲಿನ ಅರ್ಧದಷ್ಟು ಪ್ರೆಸ್ಸುಗಳಿಗೆ ಗುಂಡಿ ಕೂತ ಹೊತ್ತಿಗೆ ದೊಡ್ಡಮ್ಮನ ಪ್ರಕರಣ ನಡೆಯಿತು. ದೊಡ್ಡಮ್ಮ ಎಂದರೆ ಶೆಡ್ಡಿಗೆಲ್ಲ ದೊಡ್ಡಮ್ಮ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಜೋಕು, ಮೇಸ್ತ್ರಿಯನ್ನು ಹೊಸಬನಾಗಿದ್ದ ಕಾಲದಿಂದ ಕಂಡವಳು. ಅವಳ ಪ್ರೆಸ್ಸಿನಲ್ಲಿ ಇನ್ನೂ ಪೆಡಲೇ ಇತ್ತು. ಆ ದಿನ ಅವಳು ಕೊಕ್ಕೆ ಹಿಡಿದು ಅಂಟಿಕೊಂಡ ಮುಚ್ಚಳವನ್ನು ಎತ್ತುತ್ತಿದ್ದಳು. ಕೈ ತುಸು ಮುಂದಕ್ಕೆ ಹೋದದ್ದನ್ನು ಕಂಡು ಮೇಸ್ತ್ರಿ ಕಂಬಕ್ಕೆ ಬಡಿದ. ದೊಡ್ಡಮ್ಮನ ಮೈ ಬೆಚ್ಚಿತು, ಬೆಚ್ಚಿದ ಮೈ ಗಟ್ಟಿಯಾಯಿತು, ಗಟ್ಟಿಯಾದ ಕಾಲು ಕೆಳಗಿಳಿಯಿತು. ಅಚ್ಚು ಬಿತ್ತು. ಕೊಕ್ಕೆ ಎರಡು ತುಂಡಾಯಿತು. ಅವಳ ಕೈ ಹೊರಗಿತ್ತು, ಆದರೆ ಹೊರಗಿದ್ದದ್ದು ಬಹಳ ದೂರವೇನಲ್ಲ. ದೊಡ್ಡಮ್ಮ ತುಂಡು ಕೊಕ್ಕೆಯನ್ನು ತಿರುತಿರುಗಿಸಿ ನೋಡಿ, "ನನ್ನನ್ನ ಕಾಪಾಡೋಕೆ ಹೋಗಿ ಸಾಯಿಸ್ತಿದ್ದೆಯಲ್ಲಪ್ಪ" ಎಂದಳು. ಜೋಕು ಮಾಡಲೆಂದೇ ಹೇಳಿದ್ದಳು. ಯಾರೂ ನಗಲಿಲ್ಲ.

ಮೇಡಂ ಅಲ್ಲೇ ಇದ್ದರು. ಮೇಸ್ತ್ರಿಯನ್ನು ಸಾಮಾನಿನ ಕೋಣೆಯ ಪಕ್ಕಕ್ಕೆ ಕರೆದರು.

"ನಿಮ್ಮ ಸದ್ದಿಗೇ ಅವರ ಕಾಲು ಇಳಿದದ್ದು."

"ಇಷ್ಟು ವರ್ಷದಲ್ಲಿ ಯಾರ ಬೆರಳಾದ್ರೂ ಹೋಗಿದೆಯಾ, ಕೇಳಿ ನೋಡಿ ಮೇಡಂ."

"ಇಲ್ಲ. ಅದು ನಿಮ್ಮಿಂದಲೇ ಅಂತ ನಾನೂ ಒಪ್ತೀನಿ. ಆದ್ರೆ ಬೆಚ್ಚಿಬಿದ್ದ ಮನುಷ್ಯನ ಕಾಲು ಮೇಲೆ ಹೋಗುತ್ತೋ ಕೆಳಗೆ ಹೋಗುತ್ತೋ ಅನ್ನೋದು ಯಾರ ಕೈಯಲ್ಲೂ ಇಲ್ಲ. ಒಂದ್ಸಲ ಅಟ್ಟದ ಮೇಲೆ ನಿಂತು, ಇವರ ಗಮನ ಎಲ್ಲಿರುತ್ತೆ ನೋಡಿ. ಅಚ್ಚಿನ ಮೇಲಿರುತ್ತಾ, ನಿಮ್ಮ ಮೇಲಿರುತ್ತಾ ಅಂತ."

ಮುಖಕ್ಕೆ ಹೊಡೆದ ಹಾಗಾಯಿತು ಅವನಿಗೆ. ಆದರೂ ಹತ್ತಿದ. ಸಾಮಾನಿನ ಕೋಣೆಯ ಅಟ್ಟದಿಂದ ಇಡೀ ಸಾಲು ಕಾಣುತ್ತದೆ. ತಾನು ಕೆಳಗಿಲ್ಲ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಕಂಡದ್ದು ಅವನು ಇಷ್ಟು ವರ್ಷ ಹಿಂದೆ ನಿಂತು ಕಾಣದೆ ಇದ್ದದ್ದು, ಹಿಂದೆ ನಿಂತವನಿಗೆ ಮುಖ ಎಲ್ಲಿ ಕಾಣಬೇಕು? ಪೆಡಲಿನ ಪ್ರೆಸ್ಸುಗಳ ಮುಂದೆ ಕೂತ ಒಬ್ಬೊಬ್ಬರೂ, ಕೈ ಅಚ್ಚಿನೊಳಗೆ ಹಾಕುವ ಮೊದಲು, ಕತ್ತನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದರು. ಕಣ್ಣು ಅಚ್ಚಿನ ಮೇಲಿದ್ದರೂ ನೋಟ ಅಲ್ಲಿರಲಿಲ್ಲ. ಬೆನ್ನ ಹಿಂದೆ ಏನಾದರೂ ಆಗುತ್ತದೆಯೇ ಎಂದು ಮೈಯೆಲ್ಲ ಕಿವಿಯಾಗಿ ಒಂದು ಗಳಿಗೆ ಕಾಯುತ್ತಿದ್ದರು. ಏನೂ ಆಗಲಿಲ್ಲ ಎಂದರೆ ಕೈ ಒಳಗೆ ಹೋಗುತ್ತಿತ್ತು. ಚೂಟಿಯೂ ಹಾಗೆಯೇ. ಎಲ್ಲರಿಗಿಂತ ಹೆಚ್ಚು ಅವಳೇ.

ಮೇಸ್ತ್ರಿ ಅಟ್ಟದ ಮೇಲೆ ಬಹಳ ಹೊತ್ತು ಕೂತ. ಇವರು ಹೆದರಿರುವುದು ಪ್ರೆಸ್ಸಿಗಲ್ಲ, ನನಗೆ. ಅಷ್ಟು ಅವನಿಗೆ ಅರ್ಥವಾಯಿತು. ಎದೆಗೆ ಇಳಿಯುವಂತೆಯೇ ಅರ್ಥವಾಯಿತು. ನಾನು ಸುಮ್ಮನಾದರೆ ಇವರ ಕಣ್ಣು ತಾನಾಗಿಯೇ ಅಚ್ಚಿನ ಕಡೆ ಹೋಗುತ್ತದೆ ಎಂದು ಲೆಕ್ಕ ಹಾಕಿದ. ಇಲ್ಲಿ ಅವನು ಎಡವಿದ. ಆ ಕಾಯುವ ಗಳಿಗೆಯಲ್ಲಿ ಸದ್ದು ಬಾರದೆ ಇರುವುದು ಅವರಿಗೆ ಏನನ್ನು ಹೇಳುತ್ತದೆ ಎಂದು ಅವನು ಯೋಚಿಸಲಿಲ್ಲ.

ಕೆಳಗಿಳಿದು ಬಂದವನು, "ಆಯ್ತು ಮೇಡಂ. ಇನ್ನು ಬಡಿಯಲ್ಲ" ಎಂದ.

"ಹಾಗಾದ್ರೆ ಎಲ್ಲರನ್ನೂ ಕೂರಿಸಿ ಹೇಳಿಬಿಡಿ. ಇನ್ಮೇಲೆ ಸದ್ದು ಬರಲ್ಲ, ನಿಮ್ಮ ಕೈಗೆ ನೀವೇ ಜವಾಬ್ದಾರರು ಅಂತ. ಹೇಳದೆ ನಿಲ್ಲಿಸಬೇಡಿ."

"ಹೇಳ್ತೀನಿ."

ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಗುಂಪಾಗಿ ಕೂತಿದ್ದಾಗ ಹತ್ತಿರಕ್ಕೆ ಹೋದ. ಅವನನ್ನು ಕಂಡು ಮಾತುಗಳೆಲ್ಲ ತಟ್ಟನೆ ನಿಂತವು. ಅಷ್ಟು ಮುಖಗಳು ಅವನ ಕಡೆ ತಿರುಗಿದವು. ಏನೆಂದು ಹೇಳುವುದು? ಇಷ್ಟು ವರ್ಷ ನಿಮ್ಮನ್ನು ತಪ್ಪಾಗಿ ಹೆದರಿಸಿದೆ ಎಂದೇ? "ಎಣ್ಣೆ ಡಬ್ಬ ಎಲ್ಲಿಟ್ರಿ" ಎಂದು ಕೇಳಿ ತಿರುಗಿ ಬಂದ. ಮಾನದ ಮೇಲಿನ ಆಸೆ ಮನುಷ್ಯನನ್ನು ಎಂಥೆಂಥ ಕಡೆ ತಡೆದು ನಿಲ್ಲಿಸುತ್ತದೆ ನೋಡಿ.

ಅಂದಿನಿಂದ ಸರಳು ಮೂಲೆ ಹಿಡಿಯಿತು. ಮೇಸ್ತ್ರಿ ಎಂದಿನಂತೆ ಬೆನ್ನ ಹಿಂದೆ ಓಡಾಡುತ್ತಿದ್ದ, ಕೈ ಬರಿದಾಗಿತ್ತು. ಮೊದಮೊದಲು ಶೆಡ್ಡಿಗೆ ಏನೋ ಆದ ಹಾಗಿತ್ತು. ಜನ ಪದೇಪದೇ ತಿರುಗಿ ನೋಡುತ್ತಿದ್ದರು. ಮೇಸ್ತ್ರಿಗೆ ಮೈ ಸರಿಯಿಲ್ಲವೇನೋ ಎಂದು ಪಿಸುಗುಟ್ಟಿದರು. ಆಮೇಲೆ ಒಬ್ಬೊಬ್ಬರ ಹೆಗಲೂ ಸಡಿಲಾಯಿತು. ದೊಡ್ಡಮ್ಮ ಗುನುಗತೊಡಗಿದಳು. ಮುಚ್ಚಳಗಳ ರಾಶಿ ಸಂಜೆಯ ಹೊತ್ತಿಗೆ ಮೊದಲಿಗಿಂತ ಎತ್ತರಕ್ಕೆ ಏಳುತ್ತಿತ್ತು. ನಾವೆಲ್ಲ ಈಗ ಪಕ್ಕಾ ಆಗಿದ್ದೇವೆ, ಅದಕ್ಕೇ ಮೇಸ್ತ್ರಿ ಬಡಿಯುತ್ತಿಲ್ಲ ಎಂದು ಜನ ತಮ್ಮತಮ್ಮಲ್ಲೇ ಹೇಳಿಕೊಂಡರು. ಆ ಮಾತು ಮೇಸ್ತ್ರಿಯ ಕಿವಿಗೂ ಬಿತ್ತು. ಎಲ್ಲ ಚೆನ್ನಾಗಿಯೇ ಇತ್ತು. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಅದೇ ಅವನಿಗೆ ಸೇರುತ್ತಿರಲಿಲ್ಲ.

ಮನೆಯಲ್ಲೂ ಹಾಗೆಯೇ. ಚೂಟಿ ಮಾವನ ಚಪ್ಪಲಿಯ ಸಪ್ಪಳಕ್ಕೆ ಹಾಡು ನಿಲ್ಲಿಸುವುದನ್ನು ಬಿಟ್ಟಳು. ಒಂದು ಸಂಜೆ ಅವನ ಪಕ್ಕದಲ್ಲೇ ಕೂತು, "ಮಾವ, ನಾನೀಗ ಸರಿಯಾಗಿ ಕಲ್ತಿದ್ದೀನಿ ಅಲ್ವಾ?" ಎಂದಳು.

"ಯಾಕೆ ಕೇಳ್ತೀಯ?"

"ನೀವು ಬಡಿಯೋದೇ ಇಲ್ಲವಲ್ಲ ಈಗ."

ಬಾಯಿ ಬಿಟ್ಟು ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗುವಂತಿರಲಿಲ್ಲ. ಆದರೆ ಹುಡುಗಿ ನಗುತ್ತಿದ್ದಳು. ವರ್ಷದ ಮೇಲೆ ಅವನ ಮುಖ ನೋಡಿ ನಗುತ್ತಿದ್ದಳು. ಆ ನಗುವನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. "ಹೂಂ, ಕಲ್ತಿದ್ದೀಯ" ಎಂದು ಅವಳ ತಲೆ ಸವರಿದ. ಒಳಗಿನಿಂದ ಅಕ್ಕ, "ಅಂತೂ ಮಾವ ಸೊಸೆ ರಾಜಿಯಾದ್ರಾ" ಎಂದು ಕೇಳಿದಳು. ಆ ಸಂಜೆ ಮೂರೂ ಜನ ಒಟ್ಟಿಗೆ ಕೂತು ಉಂಡರು.

ಗುಂಡಿ ಕೂರಿಸುವ ಕೆಲಸ ಕೊನೆಯ ಎರಡು ಪ್ರೆಸ್ಸುಗಳಿಗೆ ಬಂದು ನಿಂತಿತ್ತು. ಅಂದು ಮಧ್ಯಾಹ್ನ ಮೇಡಂ ಚೂಟಿಯ ಪಕ್ಕದ ಪ್ರೆಸ್ಸಿನ ಅಡಿಯಲ್ಲಿ ಮಲಗಿ ತಂತಿ ಎಳೆಯುತ್ತಿದ್ದರು. "ನಾಳೆ ನಿಮ್ಮದು" ಎಂದು ಚೂಟಿಗೆ ಹೇಳಿದರು. ಚೂಟಿ ತಲೆಯಾಡಿಸಿದಳು. ಅವಳ ಪ್ರೆಸ್ಸಿನ ಚಕ್ರ ತಿರುಗುತ್ತಲೇ ಇತ್ತು. ಮೇಸ್ತ್ರಿ ಅವಳ ಹಿಂದೆ, ಅಂದರೆ ಕಂಬದ ಪಕ್ಕದಲ್ಲಿ, ಅಕ್ಕನಿಗೆ ಮಾತು ಕೊಟ್ಟ ಜಾಗದಲ್ಲೇ ನಿಂತಿದ್ದ.

ಒಂದು ಮುಚ್ಚಳ ಅಚ್ಚಿನಲ್ಲಿ ಅಂಟಿಕೊಂಡಿತು. ಚೂಟಿ ಕೊಕ್ಕೆಗೆ ಕೈಚಾಚಿದಳು. ಕೊಕ್ಕೆ ಜಾರಿ ಸ್ಟೂಲಿನ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಅವಳು ಬಗ್ಗಲಿಲ್ಲ. ಬಲಗೈ ಅಚ್ಚಿನ ಮುಂದಕ್ಕೆ ಬಂದು ನಿಂತಿತು. ಕತ್ತು ಕೂದಲೆಳೆಯಷ್ಟು ಓರೆಯಾಯಿತು. ಅವಳು ಕಾದಳು.

ಮೇಸ್ತ್ರಿ ಎಲ್ಲವನ್ನೂ ನೋಡುತ್ತಿದ್ದ. ಕಾಲು ಪೆಡಲಿನ ಮೇಲೆಯೇ ಇರುವುದೂ ಕಂಡಿತು. ಹಳೆಯ ಮೇಸ್ತ್ರಿಯಾಗಿದ್ದರೆ ಸರಳು ಯಾವಾಗಲೋ ಕಂಬಕ್ಕೆ ಬಿದ್ದಾಗಿರುತ್ತಿತ್ತು. ಬರಿ ಬಾಯಿಂದ ಕೂಗಬಹುದಿತ್ತು. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಕಾಲು ಇಳಿಯುತ್ತದೆ. ದೊಡ್ಡಮ್ಮನ ತುಂಡಾದ ಕೊಕ್ಕೆ ಅವನ ಕಣ್ಣಿಗೆ ಬಂತು. ಕೂಗದಿದ್ದರೆ? ಹೆಜ್ಜೆ ಮುಂದಿಡಬೇಕು ಅನ್ನಿಸಿತು, ಇಡಲಿಲ್ಲ. ಅವನನ್ನು ತಡೆದದ್ದು ಇನ್ನೂ ಒಂದಿತ್ತು. ಅದನ್ನು ಅವನು ಆಮೇಲೆ ಎಷ್ಟೋ ದಿನ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅವನ ಹೊಟ್ಟೆಯೊಳಗೆ ಕಲಸಲಿಲ್ಲ, ಅಂಗೈ ಬೆವರಲಿಲ್ಲ. ಬೆಲ್ಟು ಕಿರುಚಿರಲಿಲ್ಲ. ಅವನೇ ಎಣ್ಣೆ ಬಿಟ್ಟು ಸಾಕಿದ ಬೆಲ್ಟು ಮೆತ್ತಗೆ ತಿರುಗುತ್ತಿತ್ತು. ಕೆಟ್ಟದ್ದು ಆಗುವ ಮೊದಲು ಕೀಚೆನ್ನಬೇಕು ಎಂದು ಕಲಿತಿದ್ದ ಅವನ ಮೈ, ಏನೂ ಆಗುವುದಿಲ್ಲ ಎಂದು ಅವನಿಗೆ ಹೇಳುತ್ತಿತ್ತು. ಅವನು ಆ ಮೈಯ ಮಾತು ಕೇಳಿಕೊಂಡು ನಿಂತ.

ಚೂಟಿಯ ಕೈ ಒಳಗೆ ಹೋಯಿತು. ದಿನವೆಲ್ಲ ತುಳಿದು ತುಳಿದು ರೂಢಿಯಾಗಿದ್ದ ಕಾಲು, ತನ್ನ ಸರದಿ ಬಂತೆಂದುಕೊಂಡು ಇಳಿಯಿತು.

ಮೇಡಂ ಹಾರಿ ಬಂದು ಕರೆಂಟು ತೆಗೆದರು. ತೆಗೆದ ಮೇಲೂ ಚಕ್ರ ಸುಮಾರು ಹೊತ್ತು ತಿರುಗುತ್ತಲೇ ಇತ್ತು. ಚೂಟಿಯನ್ನು ಎತ್ತಿಕೊಂಡು ಬಾಗಿಲಿಗೆ ಓಡಿದವನು ಮೇಸ್ತ್ರಿಯೇ. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಅವನ ಹೆಗಲಿಗೆ ಮುಖವಿಟ್ಟುಕೊಂಡು ಹಲ್ಲು ಕಟಕಟಿಸುತ್ತಿದ್ದಳು.

ಬಲಗೈಯಲ್ಲಿ ಮೂರು ಬೆರಳು ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಬೇಕಾದ್ದನ್ನು ಮೆಲ್ಲಗೆ ಹೇಳುವ ಒಳ್ಳೆಯ ಡಾಕ್ಟರು. ಅಕ್ಕ ಗೋಡೆಗೆ ಒರಗಿಕೊಂಡು ಕೇಳಿದಳು. ಬೊಬ್ಬೆ ಹಾಕಲಿಲ್ಲ, ತಮ್ಮನ ಕಡೆ ನೋಡಲೂ ಇಲ್ಲ. ಮೇಡಂ ಬಂದು ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದರು. "ಎಲ್ಲರಿಗೂ ಹೇಳಿದ್ರಾ ಮೇಸ್ತ್ರಿ?" ಎಂದು ಒಮ್ಮೆ ಮಾತ್ರ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಕೊನೆಯ ಪ್ರೆಸ್ಸನ್ನು ಕೊನೆಗೆ ಬಿಟ್ಟದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರೋ ಏನೋ, ಎದ್ದು ಹೋಗುವಾಗ ಅವರ ಕಣ್ಣು ಕೆಂಪಾಗಿತ್ತು.

ಮಾರನೆಯ ಬೆಳಿಗ್ಗೆ ಚೂಟಿಗೆ ಪೂರ್ತಿ ಎಚ್ಚರವಾಯಿತು. ಅಕ್ಕ ಹಾಸಿಗೆಯ ಒಂದು ಪಕ್ಕದಲ್ಲಿ ಮಗಳ ಎಡಗೈ ಹಿಡಿದುಕೊಂಡು ಕೂತಿದ್ದಳು. ಮೇಸ್ತ್ರಿ ಇನ್ನೊಂದು ಪಕ್ಕದಲ್ಲಿ ನಿಂತಿದ್ದ. ಕೂರಲು ಅವನಿಗೆ ಮನಸ್ಸಾಗಿರಲಿಲ್ಲ. ಅವಳು ಬೈದರೆ ಬೈಯಲಿ, ಮುಖ ತಿರುಗಿಸಿದರೆ ತಿರುಗಿಸಲಿ ಎಂದು ಗಟ್ಟಿ ಮಾಡಿಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಬ್ಯಾಂಡೇಜಿನ ಕಡೆ ಸ್ವಲ್ಪ ಹೊತ್ತು ನೋಡಿ, ಏನೋ ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿದಳು.

"ಮಾವ, ನೀವು ನನ್ನ ಹಿಂದೇನೇ ಇದ್ರಿ ಅಲ್ವಾ?"

"ಇದ್ದೆ."

"ನೋಡ್ತಾ ಇದ್ರಿ?"

"ನೋಡ್ತಾ ಇದ್ದೆ."

"ನನಗೂ ಗೊತ್ತಿತ್ತು ನೀವು ಇದ್ದೀರ ಅಂತ. ಕೈ ಹಾಕೋ ಮುಂಚೆ ಕಾದೆ. ಕೊಕ್ಕೆ ಇಲ್ಲದೆ ಹಾಕ್ತಾ ಇದ್ದೀನಿ, ಈಗ ಬಡೀತಾರೆ ಅಂತ ಕಾದೆ. ನೀವು ಬಡೀಲಿಲ್ಲ." ಅವಳ ದನಿಯಲ್ಲಿ ದೂರು ಇರಲಿಲ್ಲ. ಶೆಡ್ಡಿನಲ್ಲಿ ಕೆಲಸದ ವರದಿ ಒಪ್ಪಿಸುವಾಗಿನ ದನಿ ಅದು. "ನೀವು ಬಡೀಲಿಲ್ಲವಲ್ಲ, ಹಾಗಾದ್ರೆ ಏನೂ ಆಗಲ್ಲ ಅಂದ್ಕೊಂಡೆ."

ಅಕ್ಕ ನಿನ್ನೆಯಿಂದ ಮೊದಲ ಸಲ ತಲೆಯೆತ್ತಿ ತಮ್ಮನ ಮುಖ ನೋಡಿದಳು.

"ಯಾಕೆ ಬಡೀಲಿಲ್ಲ?" ಎಂದಳು.

ಅವನ ಹತ್ತಿರ ಉತ್ತರವಿತ್ತು. ಬೆಚ್ಚಿದವರ ಕಾಲು ಎತ್ತ ಹೋಗುತ್ತದೆ ಎಂದು ಯಾರೂ ಹೇಳಲಾರರು ಎಂಬುದು ಸರಿಯಾದ ಉತ್ತರವೇ. ಅದನ್ನು ಹೇಳಲು ಅವನು ಬಾಯಿ ತೆರೆದ. ಚೂಟಿಯೂ ಕೇಳಿಸಿಕೊಳ್ಳಲೆಂದು ಅವನ ಕಡೆಗೆ ಕತ್ತು ತಿರುಗಿಸಿದಳು. ಕಲಿತವಳ ಹಾಗೆ, ನಂಬಿದವಳ ಹಾಗೆ, ಅವನ ಮಾತಿಗಾಗಿ ಕಾಯುತ್ತಾ ಮಲಗಿದ್ದಳು. ಮೇಸ್ತ್ರಿ ಹಾಸಿಗೆಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತೇ ಇದ್ದ.